ಊದಿದಾಗ 64, ರಕ್ತದಲ್ಲಿ 41. ಇದರಲ್ಲಿ ಯಾವುದು ಸುಳ್ಳು?

ಮುಳಬಾಗಿಲು_ಕ್ರೇಟ್:

ಎಲ್ಲರಿಗೂ ನಮಸ್ಕಾರ. ಕುಡಿದು ಗಾಡಿ ಓಡಿಸಿದ ಕೇಸು. ನನ್ನದಲ್ಲ, ನಮ್ಮ ಬಾವನದು. ನಿಜವಾಗಲೂ ಬಾವನದೇ, ನಗಬೇಡಿ.

ನಮ್ಮದು ಮುಳಬಾಗಿಲು ಕಡೆ ಹಳ್ಳಿ. ಬಾವ ಪಿಕಪ್ ಓಡಿಸುತ್ತಾರೆ. ಸೀಸನ್ನಿನಲ್ಲಿ ದಿನಾ ಬೆಳಗಿನ ಜಾವ ಟೊಮ್ಯಾಟೊ ಲೋಡು ಕೋಲಾರ ಎಪಿಎಂಸಿಗೆ ಹೊಡೆಯುತ್ತಾರೆ. ಆವತ್ತು ಹಿಂದಿನ ರಾತ್ರಿ ಚಿಕ್ಕಪ್ಪನ ಮನೆಯಲ್ಲಿ ಬೀಗರ ಊಟ ಇತ್ತು. ಬೀಗರ ಊಟ ಅಂದರೆ ಗೊತ್ತಲ್ಲ, ಮುದ್ದೆ, ಮಟನ್ನು, ಶಾಮಿಯಾನದ ಹಿಂದೆ ನೀಲಗಿರಿ ತೋಪಿನಲ್ಲಿ ಇನ್ನೊಂದು ಪಂಕ್ತಿ. ಬಾವ 8 ಗಂಟೆಗೆ ಆ ಪಂಕ್ತಿಯಲ್ಲಿ ಕೂತವರು 11ಕ್ಕೆ ಎದ್ದರು. ಬಂದು ಮಲಗಿದರು. 4 ಗಂಟೆಗೆ ಎದ್ದು ಮುಖ ತೊಳೆದು, ಒಂದು ಲೋಟ ಕಾಫಿ ಕುಡಿದು, ಕ್ರೇಟು ಏರಿಸಿಕೊಂಡು ಹೊರಟರು. 5:10ಕ್ಕೆ ಹೈವೇಯಲ್ಲಿ ನಿಲ್ಲಿಸಿ ಊದಿಸಿದರು. ಮಿಷನ್ 64 ಅಂತು, ಅಂದರೆ 100 ಮಿ.ಲೀ. ರಕ್ತದಲ್ಲಿ 64 ಮಿ.ಗ್ರಾಂ. ಆಲ್ಕೋಹಾಲ್.

ಬಾವ ಜಗಳಕ್ಕೇ ನಿಂತರು. ಬೆಳಗ್ಗೆಯಿಂದ ಒಂದು ತೊಟ್ಟು ಮುಟ್ಟಿಲ್ಲ, ನಿಮ್ಮ ಮಿಷನ್ನೇ ಕುಡಿದಿರಬೇಕು ಅಂತ. ಹಾಗಾದರೆ ರಕ್ತ ಕೊಡು ಬಾ ಅಂತ ಠಾಣೆಗೆ ಕರೆದುಕೊಂಡು ಹೋಗಿ, ಅಲ್ಲಿಂದ ಆಸ್ಪತ್ರೆಗೆ. ರಕ್ತ ತೆಗೆದಾಗ 6:50. ಅಷ್ಟು ಹೊತ್ತಿಗೆ ನಾನು ಬೈಕಿನಲ್ಲಿ ಹೋಗಿ ಲೋಡನ್ನು ಮಂಡಿ ಮುಟ್ಟಿಸಿದೆ, ಆದರೆ ಹರಾಜು ಅರ್ಧ ಮುಗಿದಿತ್ತು. ಸಿಕ್ಕಿದ ರೇಟು ಕೇಳಬೇಡಿ.

ಈಗ ಎಫ್‌ಎಸ್‌ಎಲ್ (ಪೊಲೀಸ್ ಕೇಸಿನ ಸ್ಯಾಂಪಲ್ ನೋಡುವ ಸರ್ಕಾರಿ ಲ್ಯಾಬ್) ರಿಪೋರ್ಟ್ ಬಂದಿದೆ. ರಕ್ತದಲ್ಲಿ 41 ಅಂತೆ. ಒಂದೇ ಮನುಷ್ಯ, ಒಂದೇ ಬೆಳಗ್ಗೆ, ಎರಡು ನಂಬರು. 23 ವ್ಯತ್ಯಾಸ ಅಂದರೆ ಮಿಷನ್ ತಪ್ಪು ಅಂತ ತಾನೇ ಅರ್ಥ? ಕೋರ್ಟಿನಲ್ಲಿ ಇದನ್ನೇ ಹೇಳಬಹುದಾ? ಮಲಗಿ ಎದ್ದವರ ಮೈಯಲ್ಲಿ ಎಣ್ಣೆ ಹೇಗೆ ಉಳಿಯುತ್ತದೆ? ಇನ್ನೊಂದು, ಸೂಜಿ ಚುಚ್ಚುವ ಮುಂಚೆ ಸ್ಪಿರಿಟ್ ಹತ್ತಿ ಒರೆಸಿದರು, ಅದೇ ರಕ್ತಕ್ಕೆ ಸೇರಿದೆ ಅಂತ ಬಾವನ ವಾದ. ಕುಡಿದಿದ್ದು ಒಂದೇ ಒಂದು ಕ್ವಾರ್ಟರ್ ಅಂತ ಅಕ್ಕನ ತಲೆ ಮೇಲೆ ಕೈಯಿಟ್ಟು ಹೇಳುತ್ತಿದ್ದಾರೆ.

ತಿಳಿದವರು ಹೇಳಿ. ಬೈಯುವವರು ಆಮೇಲೆ ಬೈಯಿರಿ.

ಗಂಗಮ್ಮನ_ಗುಡಿ_ಬೀದಿ:

ಗುರು, ನಾಲ್ಕು ಸೀಬೆ ಎಲೆ ಅಗಿದು ಹೋಗಿದ್ದರೆ ಇಷ್ಟೆಲ್ಲಾ ಇರುತ್ತಿರಲಿಲ್ಲ. ನಮ್ಮ ಕಡೆ ಡ್ರೈವರ್‌ಗಳೆಲ್ಲ ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ. ಇಲ್ಲಾಂದರೆ ಏಲಕ್ಕಿ. ಈ ಮಿಷನ್ನುಗಳನ್ನು ನಂಬುವ ಹಾಗಿಲ್ಲ, ನಮ್ಮ ಸ್ನೇಹಿತ ಒಬ್ಬನಿಗೆ ಕೆಮ್ಮಿನ ಟಾನಿಕ್ ಕುಡಿದಿದ್ದಕ್ಕೇ ತೋರಿಸಿತ್ತು. ಒಳ್ಳೆ ಲಾಯರ್ ಹಿಡಿಯಿರಿ, ಕೇಸು ಬಿದ್ದುಹೋಗುತ್ತದೆ.

ಬೂದು_ಮುಚ್ಚಳ:

ನಾನು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಸ್ಪಿರಿಟ್ ವಿಚಾರಕ್ಕೆ ಮಾತ್ರ ಉತ್ತರ ಕೊಡುತ್ತೇನೆ. ಲೆಕ್ಕಾಚಾರ ಬಲ್ಲವರು ಬೇರೆ ಇದ್ದಾರೆ.

ಈ ಥರದ ಕೇಸಿನಲ್ಲಿ ಸ್ಪಿರಿಟ್ ಹಚ್ಚಬಾರದು, ಅದು ನಿಜ. ಸೋಪು ನೀರಿನಲ್ಲಿ ಒರೆಸಬೇಕು, ಇಲ್ಲಾ ಸ್ಪಿರಿಟ್ ಬೆರೆಸದ ಬೆಟಾಡಿನ್ ಹಚ್ಚಬೇಕು. ಆದರೆ ರಾತ್ರಿ ಪಾಳಿ ಮುಗಿಯುವ ಹೊತ್ತಿನಲ್ಲಿ ಕೈ ತಾನಾಗಿಯೇ ಸ್ಪಿರಿಟ್ ಹತ್ತಿಯ ಡಬ್ಬಿಗೆ ಹೋಗುತ್ತದೆ. ನಾನೇ ಒಮ್ಮೆ ಹಾಗೆ ಒರೆಸಿಬಿಟ್ಟೆ. ಪಕ್ಕದಲ್ಲಿದ್ದ ಸಿಸ್ಟರ್ ನೋಡಿ ಕೈ ಹಿಡಿದು ನಿಲ್ಲಿಸಿದರು. ಆಮೇಲೆ ಇನ್ನೊಂದು ತೋಳು ತೊಳೆಸಿ ಅಲ್ಲಿಂದ ತೆಗೆದೆವು.

ಹಾಗಂತ ಹತ್ತಿ ಒರೆಸಿದ ಮಾತ್ರಕ್ಕೆ 41 ಬರುವುದಿಲ್ಲ ಅಣ್ಣ. ಚರ್ಮದ ಮೇಲಿನ ಸ್ಪಿರಿಟ್ ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಆರಿದ ಮೇಲೆ ಚುಚ್ಚಿದರೆ ಸೂಜಿಯ ತುದಿಗೆ ಅಂಟಿಕೊಂಡು ಒಳಗೆ ಹೋಗುವುದು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಇನ್ನೊಂದು ವಿಷಯ, ಹಲವು ಕಡೆ ಒರೆಸಲು ಬಳಸುವುದು ಐಸೊಪ್ರೊಪೈಲ್ ಆಲ್ಕೋಹಾಲ್. ಕುಡಿಯುವುದು ಈಥೈಲ್. ಎಫ್‌ಎಸ್‌ಎಲ್ ಮಿಷನ್ ಇವೆರಡನ್ನೂ ಬೇರೆ ಬೇರೆಯಾಗಿಯೇ ತೋರಿಸುತ್ತದೆ.

ನೀವು ಕೇಳಬೇಕಾದ ಪ್ರಶ್ನೆ ಬೇರೆ. ಯಾವ ಟ್ಯೂಬಿಗೆ ತೆಗೆದರು? ಬೂದು ಮುಚ್ಚಳದ್ದಾ? ಶುಗರ್ ಟೆಸ್ಟಿಗೆ ರಕ್ತ ಕೊಟ್ಟವರೆಲ್ಲ ಆ ಟ್ಯೂಬ್ ನೋಡಿರುತ್ತೀರಿ. ಅದರ ತಳದಲ್ಲಿ ಚಿಟಿಕೆ ಬಿಳಿ ಪುಡಿ ಇರುತ್ತದೆ, ಸೋಡಿಯಂ ಫ್ಲೋರೈಡ್ ಮತ್ತು ಪೊಟ್ಯಾಸಿಯಂ ಆಕ್ಸಲೇಟ್. ಆಕ್ಸಲೇಟ್ ಇದ್ದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಫ್ಲೋರೈಡ್ ಕೆಲಸ ಅದಕ್ಕಿಂತ ಮುಖ್ಯ. ದೋಸೆ ಹಿಟ್ಟು ರಾತ್ರಿ ಇಟ್ಟರೆ ಬೆಳಗ್ಗೆ ಉಬ್ಬಿ ಹುಳಿ ವಾಸನೆ ಬರುತ್ತದೆ ಅಲ್ವಾ? ರಕ್ತದಲ್ಲೂ ಸಕ್ಕರೆ ಇದೆ. ಯೀಸ್ಟೋ ಬ್ಯಾಕ್ಟೀರಿಯಾನೋ ಸೇರಿಕೊಂಡರೆ ಟ್ಯೂಬಿನ ಒಳಗೇ ಹೊಸದಾಗಿ ಆಲ್ಕೋಹಾಲ್ ಹುಟ್ಟಬಹುದು. ಫ್ಲೋರೈಡ್ ಅದಕ್ಕೆ ಅಡ್ಡ ನಿಲ್ಲುತ್ತದೆ. ರಕ್ತ ಹಾಕಿದ ಮೇಲೆ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ ಪುಡಿ ಕರಗಿಸಬೇಕು. ಟ್ಯೂಬಿನಲ್ಲಿ ಜಾಸ್ತಿ ಖಾಲಿ ಜಾಗ ಬಿಡಬಾರದು, ಆಲ್ಕೋಹಾಲ್ ಆವಿಯಾಗಿ ಆ ಖಾಲಿ ಜಾಗಕ್ಕೆ ಏರುತ್ತದೆ. ಆಮೇಲೆ ಸೀಲು, ಲೇಬಲ್, ಫ್ರಿಜ್.

ನಿಮ್ಮ ಕಾಗದದಲ್ಲಿ 6:50 ಅಂತ ಸಮಯ ಬರೆದಿದ್ದಾರಲ್ಲ, ಬರೆದವರು ಪುಣ್ಯಾತ್ಮರು. ಎಷ್ಟೋ ಕಾಗದದಲ್ಲಿ ತಾರೀಖು ಮಾತ್ರ ಇರುತ್ತದೆ.

ಹಳೇ_ಬ್ಯೂರೆಟ್:

ತುಮಕೂರಿನಿಂದ. ಕೆಲವು ವರ್ಷ ಟಾಕ್ಸಿಕಾಲಜಿ, ಅಂದರೆ ವಿಷ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿ ಈಗ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದೇನೆ. ಬೂದು ಮುಚ್ಚಳ ಮೇಡಂ ಹೇಳಿದ್ದು ಅಕ್ಷರಶಃ ಸರಿ. ಸೀಬೆ ಎಲೆಯವರಿಗೆ ಆಮೇಲೆ ಬರುತ್ತೇನೆ.

ಕ್ರೇಟ್ ಅವರೇ, ನಿಮ್ಮ ಎರಡೂ ನಂಬರು ಸರಿ ಇವೆ. ಒಂದು ಇನ್ನೊಂದಕ್ಕೆ ಸಾಕ್ಷಿ ಹೇಳುತ್ತಿದೆ.

5:10ಕ್ಕೆ 64. 6:50ಕ್ಕೆ 41. ನಡುವೆ 1 ಗಂಟೆ 40 ನಿಮಿಷ. ಇಳಿದಿದ್ದು 23. ಗಂಟೆಗೆ ಸುಮಾರು 14 ಆಯಿತು. ಈಗ ಯಾವುದೇ ಟಾಕ್ಸಿಕಾಲಜಿ ಪುಸ್ತಕ ತೆಗೆಯಿರಿ, ಲಿವರ್ ಒಂದು ಗಂಟೆಯಲ್ಲಿ 100 ಮಿ.ಲೀ. ರಕ್ತದಿಂದ ತೆಗೆದುಹಾಕುವ ಆಲ್ಕೋಹಾಲ್ ಹೆಚ್ಚಿನವರಲ್ಲಿ 10ರಿಂದ 20 ಮಿ.ಗ್ರಾಂ., ಸರಾಸರಿ 15 ಅಂತ ಇರುತ್ತದೆ. ನಿಮ್ಮ ಬಾವನ ಲಿವರ್ ಪುಸ್ತಕದಲ್ಲಿ ಬರೆದ ಹಾಗೇ ಕೆಲಸ ಮಾಡಿದೆ. 6:50ಕ್ಕೂ 64 ಬಂದಿದ್ದರೆ ನನಗೆ ಅನುಮಾನ ಬರುತ್ತಿತ್ತು.

ಬಹಳ ಜನಕ್ಕೆ ಇದು ಗೊತ್ತಿಲ್ಲ. ಹೆಚ್ಚಿನ ಮಾತ್ರೆಗಳು ಮೈಯಲ್ಲಿ ಎಷ್ಟು ಜಾಸ್ತಿ ಇದ್ದರೆ ಅಷ್ಟು ಬೇಗ ಇಳಿಯುತ್ತವೆ. ಆಲ್ಕೋಹಾಲ್ ಹಾಗಲ್ಲ. ಟೋಲ್ ಗೇಟಿನಲ್ಲಿ ಒಂದೇ ಕೌಂಟರ್ ತೆರೆದಿದ್ದಾರೆ ಅಂದುಕೊಳ್ಳಿ. ಹಿಂದೆ ಹತ್ತು ಗಾಡಿ ನಿಂತಿರಲಿ, ನೂರು ನಿಂತಿರಲಿ, ಗಂಟೆಗೆ ಬಿಡುವುದು ಅಷ್ಟೇ. ಕಾಫಿ ಕುಡಿದರೆ, ತಣ್ಣೀರು ಸುರಿದುಕೊಂಡರೆ, ಮಜ್ಜಿಗೆ ಕುಡಿದರೆ ಎರಡನೇ ಕೌಂಟರ್ ತೆರೆಯುವುದಿಲ್ಲ. ನಿದ್ದೆ ಮಾಡಿದರೂ ಅಷ್ಟೇ. ನಾವು ಮಲಗಿದರೆ ಲಿವರ್ ಮಲಗುವುದಿಲ್ಲ, ಹಾಗಂತ ಓಡುವುದೂ ಇಲ್ಲ.

ಇನ್ನು ಮಿಷನ್. ಅದು ರಕ್ತ ನೋಡುವುದಿಲ್ಲ, ಉಸಿರು ನೋಡುತ್ತದೆ. ಶ್ವಾಸಕೋಶದ ತಳದಲ್ಲಿ ರಕ್ತಕ್ಕೂ ಗಾಳಿಗೂ ನಡುವೆ ತೆಳ್ಳನೆ ಪೊರೆ ಇದೆ, ರಕ್ತದಲ್ಲಿರುವ ಆಲ್ಕೋಹಾಲ್ ಒಂದು ಲೆಕ್ಕದ ಪ್ರಕಾರ ಆ ಗಾಳಿಗೆ ಬರುತ್ತದೆ. ಆ ಲೆಕ್ಕ ಹೆನ್ರಿಯ ನಿಯಮ, ಪಿಯುಸಿಯಲ್ಲಿ ಓದಿ ಮರೆತಿರುತ್ತೀರಿ. 1 ಮಿ.ಲೀ. ರಕ್ತದಲ್ಲಿ ಇರುವಷ್ಟೇ ಆಲ್ಕೋಹಾಲ್ 2100 ಮಿ.ಲೀ. ಆಳದ ಉಸಿರಿನಲ್ಲಿ ಇರುತ್ತದೆ ಅಂತ ಹಿಡಿದು ಮಿಷನ್ ಗುಣಿಸಿ ತೋರಿಸುತ್ತದೆ. ಅದಕ್ಕೇ ಅವರು ಊದು, ಊದು, ಇನ್ನೂ ಊದು ಅಂತ ಸತಾಯಿಸುವುದು. ಮೊದಲು ಬರುವುದು ಬಾಯಿಯ ಗಾಳಿ, ಮಿಷನ್‌ಗೆ ಬೇಕಾಗಿದ್ದು ಕೊನೆಯದು. ಒಳಗೆ ಪ್ಲಾಟಿನಂ ಲೇಪಿಸಿದ ಚಿಕ್ಕ ಸೆಲ್ ಇರುತ್ತದೆ. ಅದರ ಮೇಲೆ ಆಲ್ಕೋಹಾಲ್ ಉರಿದು ಅಸಿಟಿಕ್ ಆಮ್ಲ ಆಗುತ್ತದೆ, ಅಂದರೆ ವಿನಿಗರ್. ಆಗ ಹುಟ್ಟುವ ಕರೆಂಟನ್ನು ಅಳೆಯುತ್ತಾರೆ.

ಹಿಂದೆ ಇದನ್ನೆಲ್ಲ ಬಣ್ಣದಿಂದ ನೋಡುತ್ತಿದ್ದರು. ಪೊಟ್ಯಾಸಿಯಂ ಡೈಕ್ರೋಮೇಟ್ ಕಿತ್ತಳೆ ಬಣ್ಣ, ಆಲ್ಕೋಹಾಲ್ ತಾಗಿದರೆ ಹಸಿರು. 1954ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ರಾಬರ್ಟ್ ಬೋರ್ಕೆನ್‌ಸ್ಟೈನ್ ಮಾಡಿದ ಬ್ರೆಥಲೈಸರ್ ಕೆಲಸ ಮಾಡುತ್ತಿದ್ದುದು ಈ ಡೈಕ್ರೋಮೇಟಿನಿಂದಲೇ. ರಕ್ತಕ್ಕೂ ಅದೇ ಡೈಕ್ರೋಮೇಟ್ ಟೈಟ್ರೇಶನ್ ಇತ್ತು. ನಾನು ಕಲಿತಿದ್ದು ಅದರಲ್ಲೇ, ನನ್ನ ಹೆಸರು ನೋಡಿದರೆ ಗೊತ್ತಾಗುತ್ತದಲ್ಲ, ಬ್ಯೂರೆಟ್ ಅಂದರೆ ಟೈಟ್ರೇಶನ್‌ಗೆ ಬಳಸುವ ಗಾಜಿನ ಕೊಳವೆ.

2100 ಅನ್ನುವುದು ಒಪ್ಪಿಕೊಂಡ ನಂಬರು, ಎಲ್ಲರಲ್ಲೂ ಅಷ್ಟೇ ಇರುವುದಿಲ್ಲ. ಬ್ರಿಟನ್ನಿನಲ್ಲಿ 2300 ಹಿಡಿಯುತ್ತಾರೆ. ಜ್ವರ ಇದ್ದರೆ ಉಸಿರಿನಲ್ಲಿ ಸ್ವಲ್ಪ ಜಾಸ್ತಿ ಬರುತ್ತದೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 6-7%. ಆದರೆ ಕುಡಿದು ಗಂಟೆಗಟ್ಟಲೆ ಆದ ಮೇಲೆ 2100 ಲೆಕ್ಕದ ಮಿಷನ್ ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. ಅಂದರೆ ತಪ್ಪಾದರೂ ಅದು ಬಾವನ ಪರವಾಗಿಯೇ ಆಗಿರುವ ಸಾಧ್ಯತೆ ಜಾಸ್ತಿ. 5:10ಕ್ಕೆ ರಕ್ತದಲ್ಲಿ 70 ಇತ್ತು ಅಂತ ಹಿಡಿದರೂ ಇಳಿದದ್ದು ಗಂಟೆಗೆ 17. ಅದೂ ಪುಸ್ತಕದ ಒಳಗೇ ಇದೆ.

ಸೀಬೆ ಎಲೆಯವರೇ, ಎಲೆ ಬಾಯಿಯ ವಾಸನೆ ಮುಚ್ಚುತ್ತದೆ. ಮಿಷನ್‌ಗೆ ಮೂಗಿಲ್ಲ. ಶ್ವಾಸಕೋಶದಿಂದ ಬರುವ ಆಲ್ಕೋಹಾಲನ್ನು ಯಾವ ಎಲೆಯೂ ಹಿಡಿದಿಟ್ಟುಕೊಳ್ಳುವುದಿಲ್ಲ. ಟಾನಿಕ್ ವಿಚಾರದಲ್ಲಿ ಮಾತ್ರ ನೀವು ಹೇಳಿದ್ದು ಅರ್ಧ ನಿಜ. ಬಾಯಿ ಮುಕ್ಕಳಿಸುವ ಔಷಧಿ, ಆಲ್ಕೋಹಾಲ್ ಇರುವ ಸಿರಪ್, ದಶಮೂಲಾರಿಷ್ಟ, ಅಶೋಕಾರಿಷ್ಟ ಇವೆಲ್ಲ ಕುಡಿದ ತಕ್ಷಣ ಊದಿದರೆ ಬಾಯಲ್ಲಿ ಉಳಿದಿದ್ದೇ ದೊಡ್ಡ ನಂಬರು ತೋರಿಸಬಹುದು. 15 ನಿಮಿಷ ಬಿಟ್ಟು ಊದಿಸಿದರೆ ಅದು ಹೋಗಿರುತ್ತದೆ. 20 ಮಿ.ಲೀ. ಅರಿಷ್ಟದಲ್ಲಿ 8% ಆಲ್ಕೋಹಾಲ್ ಇದೆ ಅಂದುಕೊಂಡರೂ ಹೊಟ್ಟೆಗೆ ಹೋಗುವುದು ಒಂದೂಕಾಲು ಗ್ರಾಂ. ರಕ್ತದಲ್ಲಿ ಅದು 3 ಮಿ.ಗ್ರಾಂ. ಕೂಡ ದಾಟುವುದು ಕಷ್ಟ. ನಿಮ್ಮ ಸ್ನೇಹಿತನಿಗೆ ಎರಡನೇ ಸಲ ಊದಿಸಿದರಾ, ಕೇಳಿ ನೋಡಿ.

ರಕ್ತದ ಟೆಸ್ಟ್ ಬಗ್ಗೆ ಸ್ವಲ್ಪ ಹೇಳಬೇಕು, ಅದು ನನಗೆ ಇಷ್ಟದ ವಿಷಯ. ನಮ್ಮ ಕಡೆಯವರಿಗೆ ಎಫ್‌ಎಸ್‌ಎಲ್ ಅಂದರೆ ಬೆಂಗಳೂರಿನ ಮಡಿವಾಳ. ಅಲ್ಲಿ ಗ್ಯಾಸ್ ಕ್ರೊಮಟೋಗ್ರಾಫ್ ಅಂತ ಮಿಷನ್ ಇದೆ. ರಕ್ತವನ್ನು ನೇರವಾಗಿ ಅದಕ್ಕೆ ಹಾಕುವುದಿಲ್ಲ. ಚಿಕ್ಕ ಗಾಜಿನ ಸೀಸೆಗೆ ಅಳತೆ ಮಾಡಿದಷ್ಟು ರಕ್ತ ಹಾಕಿ, ಹೋಲಿಸುವುದಕ್ಕೆ ಅಂತ ಲೆಕ್ಕವಿಟ್ಟು ಇನ್ನೊಂದು ಆಲ್ಕೋಹಾಲ್ ಬೆರೆಸುತ್ತಾರೆ, ಸಾಮಾನ್ಯವಾಗಿ ಎನ್-ಪ್ರೊಪನಾಲ್. ರಬ್ಬರ್ ಬಿರಡೆ ಇಟ್ಟು ಅಲ್ಯೂಮಿನಿಯಂ ಕ್ಯಾಪ್ ಒತ್ತಿ ಬಿಸಿ ಮಾಡುತ್ತಾರೆ. ಸಾರಿನ ಪಾತ್ರೆ ಮುಚ್ಚಳ ತೆಗೆದ ಕೂಡಲೇ ಮುಖಕ್ಕೆ ಬರುವ ಹಬೆಯಲ್ಲೇ ಒಳಗೇನಿದೆ ಅಂತ ಗೊತ್ತಾಗುತ್ತದೆ ಅಲ್ವಾ, ಹಾಗೆ ಸೀಸೆಯಲ್ಲಿ ರಕ್ತದ ಮೇಲೆ ನಿಂತ ಹಬೆಯನ್ನು ಮಾತ್ರ ಸೂಜಿ ಎಳೆದುಕೊಳ್ಳುತ್ತದೆ. ಉದ್ದದ ಕೂದಲೆಳೆಯಂಥ ಕೊಳವೆಯಲ್ಲಿ ಒಂದೊಂದು ವಸ್ತುವೂ ತನ್ನ ತನ್ನ ಸಮಯಕ್ಕೆ ಹೊರಗೆ ಬರುತ್ತದೆ. ಮೆಥನಾಲ್ ಬೇರೆ, ಎಥನಾಲ್ (ಕುಡಿಯುವ ಈಥೈಲ್ ಆಲ್ಕೋಹಾಲ್) ಬೇರೆ, ಸಕ್ಕರೆ ಕಾಯಿಲೆಯವರ ಅಸಿಟೋನ್ ಬೇರೆ.

ಈ ಬೇರೆ ಮಾಡುವ ಶಕ್ತಿ ಎಷ್ಟು ಮುಖ್ಯ ಅಂತ ಕೋಲಾರದವರಿಗೆ ಗೊತ್ತಿರಬೇಕು. 2007ರಲ್ಲಿ ಸಾರಾಯಿ ನಿಂತಿತು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಪಕ್ಕದ ಕೃಷ್ಣಗಿರಿ ಕಡೆ ವಿಷಮದ್ಯ ಕುಡಿದು ನೂರಕ್ಕೂ ಜಾಸ್ತಿ ಜನ ಸತ್ತರು. ಅದರಲ್ಲಿ ಇದ್ದದ್ದು ಮೆಥನಾಲ್. ಮೈಯೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣು ಹೋಗುತ್ತದೆ. ರಸ್ತೆಯಲ್ಲಿ ಊದಿಸುವ ಮಿಷನ್‌ಗೆ ಮೆಥನಾಲೂ ಎಥನಾಲೂ ಒಂದೇ ಥರ ಕಾಣುತ್ತವೆ. ಕ್ರೊಮಟೋಗ್ರಾಫ್‌ಗೆ ಹಾಗಲ್ಲ, ಬೇರೆ ಬೇರೆಯಾಗಿಯೇ ಕಾಣುತ್ತವೆ.

ಅಂದಹಾಗೆ ಬಾವನ ತೂಕ ಎಷ್ಟು?

ಮುಳಬಾಗಿಲು_ಕ್ರೇಟ್:

ಸರ್, ತುಂಬಾ ಥ್ಯಾಂಕ್ಸ್. ಟೋಲ್ ಗೇಟ್ ಉದಾಹರಣೆ ಬಾವನಿಗೆ ಓದಿ ಹೇಳಿದೆ, ಸುಮ್ನೆ ಮುಖ ತಿರುಗಿಸಿದರು. ತೂಕ 65 ಕೆಜಿ, ಮಂಡಿಯ ತೂಕದ ಮೇಲೆ ನಿಲ್ಲಿಸಿಯೇ ನೋಡಿದೆ. ಮೇಡಂ, ಮುಚ್ಚಳ ಬೂದು ಬಣ್ಣದ್ದೇ ಅಂತೆ. ಆದರೆ ತೂಕ ಯಾಕೆ ಸರ್?

ಶಿಡ್ಲಘಟ್ಟ_ರೇಷ್ಮೆ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಚಿಕ್ಕಪ್ಪ ಕಾರು ಮರಕ್ಕೆ ಗುದ್ದಿದರು. ರಕ್ತ ತೆಗೆಯಲಿಲ್ಲ, ಊದಿಸಲೂ ಇಲ್ಲ. ಆಸ್ಪತ್ರೆಯ ಕಾಗದದಲ್ಲಿ ಬಾಯಿಂದ ಮದ್ಯದ ವಾಸನೆ ಇತ್ತು ಅಂತ ಒಂದು ಸಾಲು ಬರೆದಿದ್ದಾರೆ ಅಷ್ಟೇ. ಅದನ್ನೇ ಹಿಡಿದು ಇನ್ಶೂರೆನ್ಸ್‌ನವರು ಕಾರಿನ ರಿಪೇರಿ ದುಡ್ಡು ಕೊಡುವುದಿಲ್ಲ ಅಂತಿದ್ದಾರೆ. ನಂಬರೇ ಇಲ್ಲದೆ ಕುಡಿದಿದ್ದ ಅಂತ ಹೇಗೆ ಹೇಳುತ್ತಾರೆ?

ಹಳೇ_ಬ್ಯೂರೆಟ್:

ರೇಷ್ಮೆಯವರಿಗೆ ಕಾನೂನು ಗೊತ್ತಿರುವವರು ಹೇಳಲಿ. ವಾಸನೆ ಬಗ್ಗೆ ನನ್ನ ಮಾತು ಇಷ್ಟೇ: ವಾಸನೆ ಇದ್ದರೆ ಕುಡಿದಿದ್ದಾರೆ ಅಂತ ಹೇಳಬಹುದು, ಎಷ್ಟು ಅಂತ ಹೇಳಲು ಆಗುವುದಿಲ್ಲ. ಒಂದು ಬಿಯರ್ ಒಂದು ಕ್ವಾರ್ಟರಿಗಿಂತ ಜಾಸ್ತಿ ನಾರುತ್ತದೆ.

ತೂಕ ಯಾಕೆ ಅಂದರೆ, ಒಂದೇ ಅಚ್ಚು ಬೆಲ್ಲವನ್ನು ಬಿಂದಿಗೆ ನೀರಿಗೆ ಹಾಕಿದರೆ ಸಪ್ಪೆ, ಚೊಂಬಿಗೆ ಹಾಕಿದರೆ ಸಿಹಿ. ಆಲ್ಕೋಹಾಲ್ ಮೈಯಲ್ಲಿ ನೀರು ಇರುವ ಕಡೆ ಹರಡುತ್ತದೆ, ಕೊಬ್ಬಿಗೆ ಹೆಚ್ಚು ಹೋಗುವುದಿಲ್ಲ. ಸ್ವೀಡನ್ನಿನ ಎರಿಕ್ ವಿಡ್ಮಾರ್ಕ್ 1932ರಲ್ಲೇ ಇದಕ್ಕೆ ಸೂತ್ರ ಕೊಟ್ಟರು. ಗಂಡಸಾದರೆ ತೂಕವನ್ನು 0.68ರಿಂದ ಗುಣಿಸಬೇಕು, ಹೆಂಗಸಾದರೆ 0.55ರಿಂದ. ಬಾವನಿಗೆ 65 ಇಂಟು 0.68, ಸುಮಾರು 44. ಅಂದರೆ ಆಲ್ಕೋಹಾಲ್ ಲೆಕ್ಕಕ್ಕೆ ಅವರು 44 ಲೀಟರಿನ ಬಿಂದಿಗೆ.

ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ ಸಾಮಾನ್ಯವಾಗಿ 42.8%. ಒಂದು ಕ್ವಾರ್ಟರ್ 180 ಮಿ.ಲೀ., ಅದರಲ್ಲಿ ಶುದ್ಧ ಆಲ್ಕೋಹಾಲ್ 77 ಮಿ.ಲೀ. ಆಲ್ಕೋಹಾಲ್ ನೀರಿಗಿಂತ ಹಗುರ, 0.789ರಿಂದ ಗುಣಿಸಿದರೆ 61 ಗ್ರಾಂ. 61 ಗ್ರಾಂ 44ರ ಬಿಂದಿಗೆಗೆ ಬಿದ್ದರೆ 100 ಮಿ.ಲೀ.ಗೆ ಸುಮಾರು 138 ಮಿ.ಗ್ರಾಂ. ಆಗುತ್ತದೆ. ಬಾವ ಶುರು ಮಾಡಿದ್ದು 8ಕ್ಕೆ, ಸಿಕ್ಕಿಬಿದ್ದಿದ್ದು 5:10ಕ್ಕೆ. 9 ಗಂಟೆ ಹಿಡಿಯೋಣ. ಗಂಟೆಗೆ 15ರಂತೆ 135 ಹೋಯಿತು. ಉಳಿಯಬೇಕಾದದ್ದು 3.

ಮೂರು. ಅರವತ್ತನಾಲ್ಕಲ್ಲ.

ಲಿವರ್ ತೀರಾ ಸೋಮಾರಿ, ಗಂಟೆಗೆ 10 ಮಾತ್ರ ಅಂತ ಹಿಡಿದರೂ ಉಳಿಯುವುದು 48. ಆಗಲೂ 64 ಬರುವುದಿಲ್ಲ. ಅದರ ಮೇಲೆ ಮಟನ್ ಊಟ ಬೇರೆ ಮಾಡಿದ್ದಾರೆ, ತುಂಬಿದ ಹೊಟ್ಟೆಯಲ್ಲಿ ನಂಬರು ಇನ್ನೂ ಕಡಿಮೆಯೇ ಬರಬೇಕು.

ಹಿಂದಕ್ಕೆ ಲೆಕ್ಕ ಹಾಕೋಣ. ಬೆಳಗ್ಗೆ ಉಳಿದಿದ್ದು 64, ರಾತ್ರಿಯಿಡೀ ಹೋಗಿದ್ದು 135, ಒಟ್ಟು 199. ಅದನ್ನು 44ರ ಬಿಂದಿಗೆಗೆ ಹಾಕಿದರೆ 88 ಗ್ರಾಂ. ಲಿವರ್ ವೇಗ ಒಬ್ಬೊಬ್ಬರದು ಒಂದೊಂದು, ಹಾಗಾಗಿ ಕೋರ್ಟಿನಲ್ಲಾದರೆ 88 ಅಂತ ಒಂದೇ ನಂಬರು ಹೇಳಬಾರದು, 68ರಿಂದ 108 ಗ್ರಾಂ ನಡುವೆ ಅಂತ ಹೇಳಬೇಕು. ಆದರೆ ಆ 68 ಕೂಡ ಕ್ವಾರ್ಟರಿನ 61ನ್ನು ದಾಟಿದೆ. ಕ್ರೇಟ್ ಅವರೇ, ಆವತ್ತು ತೋಪಿನಲ್ಲಿ ಕ್ವಾರ್ಟರ್ ಜೊತೆಗೆ ಇನ್ನೇನೋ ಇತ್ತು. ಬಿಯರ್ ಇರಬಹುದು ಅಂತ ನನ್ನ ಊಹೆ. ಸಾಮಾನ್ಯ ಬಿಯರ್ ದೊಡ್ಡ ಬಾಟಲಿ 650 ಮಿ.ಲೀ., 5% ಇದ್ದರೆ 26 ಗ್ರಾಂ. 8%ದ ಸ್ಟ್ರಾಂಗ್ ಆದರೆ 41.

ಚಿಂತಾಮಣಿ_ಕರಿಕೋಟು:

ಮೇಷ್ಟ್ರು ಕ್ರಾಸ್ ಎಕ್ಸಾಮಿನೇಶನ್ ಮುಗಿಸಿಬಿಟ್ಟರು, ನಮಗೇನೂ ಉಳಿಸಲಿಲ್ಲ.

ಕಾನೂನು ಹೇಳುವುದು ಇಷ್ಟು. ಮೋಟಾರು ವಾಹನ ಕಾಯ್ದೆ 1988, ಸೆಕ್ಷನ್ 185. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿದರೆ ಅಪರಾಧ. ಮೊದಲು ಅದರಲ್ಲಿ ಊದಿಸುವ ಮಿಷನ್ ಮಾತ್ರ ಇತ್ತು, 2019ರ ತಿದ್ದುಪಡಿಯಲ್ಲಿ ಲ್ಯಾಬ್ ಪರೀಕ್ಷೆಯನ್ನೂ ಸೇರಿಸಿದರು. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿದರೆ 2 ವರ್ಷ, 15,000ದವರೆಗೆ ಹೋಗುತ್ತದೆ. ನಿಮ್ಮ ಕೇಸಿನಲ್ಲಿ 64 ಬಿಟ್ಟು 41 ಮಾತ್ರ ಹಿಡಿದರೂ 30ಕ್ಕಿಂತ ಮೇಲೆಯೇ ಇದೆ. ಮಿಷನ್ ತಪ್ಪು ಅಂತ ನಾವು ವಾದ ಮಾಡಿದರೆ ಎದುರಿನವರು 41 ತೋರಿಸುತ್ತಾರೆ, 41 ತಪ್ಪು ಅಂದರೆ 64 ತೋರಿಸುತ್ತಾರೆ.

ಬಾವನ ಪಾಲಿಗೆ ಇನ್ನೊಂದು ಬೇಜಾರಿನ ವಿಷಯ. ಅವರು ಜಗಳ ಮಾಡದೆ ಹೋಗಿದ್ದರೂ ಪೊಲೀಸರು ಬಂಧಿಸಿ ಸೆಕ್ಷನ್ 204ರಲ್ಲಿ ರಕ್ತ ಕೇಳಬಹುದಿತ್ತು. ಊದುವುದಿಲ್ಲ ಅಂತ ಹಟ ಹಿಡಿದವರಿಗೂ ಅದೇ ಸೆಕ್ಷನ್. ಊದದೆ ತಪ್ಪಿಸಿಕೊಳ್ಳಬಹುದು ಅಂತ ಬಹಳ ಜನ ತಿಳಿದಿದ್ದಾರೆ.

ನೋಡಬಹುದಾದದ್ದು ಮಿಷನ್ ಕೇಂದ್ರ ಸರ್ಕಾರ ಒಪ್ಪಿದ ಮಾದರಿಯದಾ, ಯಾವಾಗ ಕ್ಯಾಲಿಬ್ರೇಶನ್ (ಅಳತೆ ಸರಿ ಇದೆಯಾ ಅಂತ ಮಾಡುವ ತಪಾಸಣೆ) ಆಗಿದೆ, ರಕ್ತದ ಟ್ಯೂಬು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಸೀಲು ಸರಿ ಇತ್ತಾ. ನಾನಾಗಿದ್ದರೆ ಕಾಗದ ಒಂದು ಸಲ ನೋಡಿ, ಎಲ್ಲಾ ಸರಿ ಇದ್ದರೆ ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಬನ್ನಿ ಅಂತ ಹೇಳುತ್ತಿದ್ದೆ. ಮಿಷನ್‌ನಿಂದ ಬಂದ ಚೀಟಿಯನ್ನು ಇವತ್ತೇ ಜೆರಾಕ್ಸ್ ಮಾಡಿಸಿಕೊಳ್ಳಿ. ಅದು ಬಸ್ ಟಿಕೆಟಿನ ಥರದ ಕಾಗದ, ಕೇಸು ಮುಗಿಯುವಷ್ಟರಲ್ಲಿ ಅಕ್ಷರ ಮಾಸಿ ಬಿಳಿ ಹಾಳೆ ಆಗಿರುತ್ತದೆ.

ರೇಷ್ಮೆಯವರೇ, ನಿಮ್ಮದು ಕಷ್ಟದ ಪ್ರಶ್ನೆ. ಕ್ರಿಮಿನಲ್ ಕೇಸು ಬೇರೆ, ಇನ್ಶೂರೆನ್ಸ್ ಬೇರೆ. ಬರೀ ವಾಸನೆ, ತೂರಾಟ, ತೊದಲು ಮಾತು, ಅಗಲವಾದ ಕಣ್ಣಿನ ಪಾಪೆ ಇಷ್ಟರಿಂದಲೇ ಕುಡಿದಿದ್ದ ಅಂತ ತೀರ್ಮಾನ ಮಾಡಲಾಗದು, ರಕ್ತವನ್ನೋ ಮೂತ್ರವನ್ನೋ ಪರೀಕ್ಷೆ ಮಾಡಬೇಕಿತ್ತು ಅಂತ ಸುಪ್ರೀಂ ಕೋರ್ಟ್ 1971ರಲ್ಲಿ ಮಹಾರಾಷ್ಟ್ರದ ಒಂದು ಕೇಸಿನಲ್ಲಿ ಹೇಳಿತ್ತು. ವಕೀಲರೆಲ್ಲ ಅದನ್ನೇ ಹಿಡಿದುಕೊಂಡು ಬರುತ್ತಿದ್ದರು. ಆಮೇಲೆ 2021ರಲ್ಲಿ ಪರ್ಲ್ ಬೆವರೇಜಸ್ ಕೇಸು ಬಂತು. 2007ರಲ್ಲಿ ದೆಹಲಿಯ ಇಂಡಿಯಾ ಗೇಟ್ ಹತ್ತಿರ ಒಂದು ಪೋರ್ಶೆ ಕಾರು ಉರುಳಿ ಸುಟ್ಟುಹೋಗಿತ್ತು. ಅಲ್ಲೂ ಊದಿಸಿರಲಿಲ್ಲ, ರಕ್ತ ತೆಗೆದಿರಲಿಲ್ಲ. ಆಸ್ಪತ್ರೆ ಕಾಗದದಲ್ಲಿ ವಾಸನೆ ಅಂತ ಮಾತ್ರ ಇತ್ತು. ಪಾಲಿಸಿಯಲ್ಲಿ ಮದ್ಯದ ಅಮಲಿನಲ್ಲಿ ಓಡಿಸಿದರೆ ಅಂತ ಬರೆದಿದೆ, 30 ಮಿ.ಗ್ರಾಂ. ಅಂತ ಬರೆದಿಲ್ಲ, ಹಾಗಾಗಿ ಟೆಸ್ಟ್ ಇಲ್ಲದಿದ್ದರೂ ಬೇರೆ ಸಾಕ್ಷಿಗಳಿಂದ ತೋರಿಸಬಹುದು ಅಂತ ಸುಪ್ರೀಂ ಕೋರ್ಟ್ ಇನ್ಶೂರೆನ್ಸ್ ಕಂಪನಿಯ ಪರ ತೀರ್ಪು ಕೊಟ್ಟಿತು. ಹಾಗಂತ ವಾಸನೆ ಒಂದೇ ಸಾಕು ಅಂತ ಅಲ್ಲ, ಅಪಘಾತ ಹೇಗಾಯಿತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಚಿಕ್ಕಪ್ಪನ ಮರ ರಸ್ತೆಯಿಂದ ಎಷ್ಟು ದೂರ ಇತ್ತು?

ಶಿಡ್ಲಘಟ್ಟ_ರೇಷ್ಮೆ:

ಹೊಲದ ಒಳಗೆ ಇತ್ತು ಸಾರ್.

ಚಿಂತಾಮಣಿ_ಕರಿಕೋಟು:

ಅಯ್ಯೋ. ಕಾಗದ ತಗೊಂಡು ಯಾರಾದರೂ ವಕೀಲರ ಹತ್ತಿರ ಹೋಗಿ, ಇಲ್ಲಿ ಬರೆಯಬೇಡಿ.

ಗಂಗಮ್ಮನ_ಗುಡಿ_ಬೀದಿ:

ಬ್ಯೂರೆಟ್ ಸರ್, ಸ್ನೇಹಿತನನ್ನು ಕೇಳಿದೆ. ಎರಡನೇ ಸಲ ಊದಿಸಿದರಂತೆ. ಎರಡನೇ ಸಲವೂ ಬಂತಂತೆ. ಟಾನಿಕ್ ಕಥೆ ಮೂರು ವರ್ಷ ನಂಬಿದ್ದೆ ನಾನು.

ಬೂದು_ಮುಚ್ಚಳ:

ಲೆಕ್ಕ ಓದಿ ಒಂದು ಮಾತು ಸೇರಿಸುತ್ತೇನೆ. ಕೆಲವು ಆಸ್ಪತ್ರೆಗಳಲ್ಲಿ ಚಿಕಿತ್ಸೆಗೆ ಅಂತ ಆಲ್ಕೋಹಾಲ್ ನೋಡುತ್ತಾರೆ, ಅದು ಸೀರಮ್‌ನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಲ್ಲಿ, ಪೂರ್ತಿ ರಕ್ತದಲ್ಲಲ್ಲ. ಸೀರಮ್‌ನಲ್ಲಿ ನೀರು ಜಾಸ್ತಿ ಇರುವುದರಿಂದ ನಂಬರು ಹತ್ತು ಇಪ್ಪತ್ತು ಪರ್ಸೆಂಟ್ ಜಾಸ್ತಿ ಬರುತ್ತದೆ. ಆ ಕಾಗದವನ್ನೂ ಎಫ್‌ಎಸ್‌ಎಲ್ ಕಾಗದವನ್ನೂ ಪಕ್ಕ ಪಕ್ಕ ಇಟ್ಟು ಜಗಳ ಆಡಬೇಡಿ.

ಮುಳಬಾಗಿಲು_ಕ್ರೇಟ್:

ಎಲ್ಲರಿಗೂ ದೊಡ್ಡ ನಮಸ್ಕಾರ. ಚೀಟಿ ಜೆರಾಕ್ಸ್ ಮಾಡಿಸಿದೆ, ಆಗಲೇ 6 ಅರ್ಧ ಮಾಸಿದೆ, 4 ಚೆನ್ನಾಗಿದೆ.

ಬ್ಯೂರೆಟ್ ಸರ್ ಲೆಕ್ಕವನ್ನು ರಾತ್ರಿ ಬಾವನಿಗೆ ಮೊಬೈಲಿನಲ್ಲಿ ಓದಿ ಹೇಳಿದೆ. 3 ಬರಬೇಕಿತ್ತು, 64 ಬಂದಿದೆ ಅನ್ನುವ ಕಡೆ ಸುಮ್ಮನೆ ಕೇಳುತ್ತಿದ್ದರು. ಬಿಯರ್ ಇರಬಹುದು ಅನ್ನುವ ಕಡೆ ಬಂದಾಗ ಎದ್ದು ಕೂತು, ಅಲ್ಲಯ್ಯಾ, ಆ ತುಮಕೂರಿನ ಮೇಷ್ಟ್ರು ಆವತ್ತು ತೋಪಿಗೆ ಬಂದಿದ್ದರಾ ಅಂತ ಕೇಳಿದರು. ಬಿಯರ್ ಕೊಟ್ಟಿದ್ದು ಹುಡುಗನ ಕಡೆಯ ಬೀಗರಂತೆ, ಬೇಡ ಅನ್ನುವುದಕ್ಕೆ ಆಗಲಿಲ್ಲವಂತೆ, ಸಾಮಾನ್ಯದ್ದೇ ಅಂತೆ, ಸ್ಟ್ರಾಂಗ್ ಅಲ್ಲವಂತೆ. 61 ಮತ್ತು 26, 87 ಆಯಿತಲ್ಲ ಸರ್.

ಅಡುಗೆ ಮನೆಯಲ್ಲಿ ಅಕ್ಕ ಮುದ್ದೆ ತಿರುವುತ್ತಿದ್ದಳು. ಕೋಲಿನ ಸದ್ದು ನಿಂತಿತು. ನಾನು ಬೈಕ್ ತಗೊಂಡು ಮನೆಗೆ ಬಂದುಬಿಟ್ಟೆ.